ಬೀಯುನ್ ಅತ್ತಿಗೆಯ ಮಾತಿನ ಯಂತ್ರ

ಪೂರ್ತಿ ಸತ್ತ ಕಂಪ್ಯೂಟರ್ ಬಂದರೆ ನನಗೆ ಖುಷಿ. ಎಲ್ಲೋ ಒಂದು ಕಡೆ ಸುಟ್ಟಿರುತ್ತದೆ, ಹುಡುಕಿ ಬದಲಿಸಿದರೆ ಆಯಿತು. ನನ್ನ ಜೀವ ಹಿಂಡುವುದು ಇನ್ನೊಂದು ಜಾತಿ. ಯಜಮಾನರ ಮನೆಯಲ್ಲಿ ದಿನಕ್ಕೆ ಮೂರು ಸಲ ಕೆಲಸದ ನಡುವೆಯೇ ನಿಂತು ಬೀಳುತ್ತದೆ, ನನ್ನ ಅಂಗಡಿಯ ಮೇಜು ಹತ್ತಿದ ಕೂಡಲೇ ಸಂಭಾವಿತನ ಹಾಗೆ ಕೂರುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಅಂಥವನ್ನು ಬೇಕಾದಷ್ಟು ನೋಡಿದ್ದೇನೆ, ಬೈದಿದ್ದೇನೆ, ಒಂದೆರಡಕ್ಕೆ ಗುದ್ದಿಯೂ ಇದ್ದೇನೆ. ಬೀಯುನ್ ಅತ್ತಿಗೆಯ ಯಂತ್ರದ ವಿಷಯದಲ್ಲಿ ಮಾತ್ರ ನನ್ನ ಬೈಗುಳವೂ ಖರ್ಚಾಗಿ ಹೋಯಿತು.

ನನ್ನ ಅಂಗಡಿ ಇರುವುದು ಶಿಪಾಯ್ ಎಂಬ ಬಡಾವಣೆಯಲ್ಲಿ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ಅಲ್ಲಿಂದ ಬೇಟೋದ ಬೆಟ್ಟಕ್ಕೆ ಸ್ಕೂಟರಿನಲ್ಲಿ ಕಾಲು ಗಂಟೆಯ ದಾರಿ. ಹೊಸ ವರ್ಷದ ರಜೆ ಮುಗಿದ ವಾರ ಬೇಟೋದಿಂದ ಒಂದು ಫೋನ್ ಬಂತು. ಲಿಯಾವ್ ಜಿನ್‌ಶುಯಿ ಎಂಬ ಅರವತ್ತನಾಲ್ಕು ವರ್ಷದ ಮನುಷ್ಯ, ಹೆಂಡತಿಯ ಕಂಪ್ಯೂಟರ್ ಪದೇ ಪದೇ ನಿಲ್ಲುತ್ತಿದೆ ಎಂದರು. ಅಂಗಡಿಗೆ ತನ್ನಿ ಎಂದೆ.

"ತರಕ್ಕಾಗಲ್ಲ ಮೇಸ್ತ್ರಿ. ಅದನ್ನ ಕಿತ್ಕೊಂಡ್ ಬಂದ್ರೆ ಅವ್ಳ ಬಾಯೇ ಕಿತ್ಕೊಂಡ್ ಬಂದಂಗೆ. ನೀನೇ ಬಾರಪ್ಪ" ಎಂದರು.

ಹೋಗಿ ನೋಡಿದ ಮೇಲೆ ಅರ್ಥವಾಯಿತು. ಅವರ ಹೆಂಡತಿ ಬೀಯುನ್ ಅತ್ತಿಗೆಗೆ ನರಗಳ ಕಾಯಿಲೆ. ನಾಲ್ಕು ವರ್ಷಗಳಲ್ಲಿ ಕೈ, ಕಾಲು, ಕತ್ತು, ನಾಲಿಗೆ ಒಂದೊಂದಾಗಿ ರಜೆ ಹಾಕಿದ್ದವು. ಕೆಲಸದಲ್ಲಿ ಉಳಿದದ್ದು ಕಣ್ಣುಗಳು ಮಾತ್ರ. ಮಂಚದ ಎದುರಿಗೆ ಒಂದು ಪರದೆ, ಅದರ ಕೆಳಗೆ ಕಣ್ಣಿನ ಚಲನೆ ಹಿಡಿಯುವ ಪುಟ್ಟ ಕ್ಯಾಮೆರಾ, ಪಕ್ಕದ ಸ್ಟೂಲಿನ ಮೇಲೆ ಕಂಪ್ಯೂಟರ್. ಅತ್ತಿಗೆ ಪರದೆಯ ಅಕ್ಷರಗಳನ್ನು ಒಂದೊಂದಾಗಿ ದಿಟ್ಟಿಸಿದರೆ ಅವು ಮಾತಾಗಿ ಕೂಡುತ್ತವೆ, ಕೊನೆಗೆ ಯಂತ್ರ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ಹೆಂಗಸಿನಂಥದೇ ದನಿ.

ಆ ದನಿ ಅತ್ತಿಗೆಗೆ ಒಪ್ಪುವಂಥದಲ್ಲ. ಮೂವತ್ತು ವರ್ಷ ಬೆಳಗಿನ ತಿಂಡಿಯ ಅಂಗಡಿ ನಡೆಸಿದ ಹೆಂಗಸು. ಮೊಟ್ಟೆಯ ರೊಟ್ಟಿ ಮಗುಚುತ್ತಲೇ ಹತ್ತು ಜನರ ಆರ್ಡರು ಕೂಗಿ, ಹನ್ನೊಂದನೆಯವನು ಸಾಲು ತಪ್ಪಿಸಿದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರಂತೆ. ಈಗ ಅದೇ ಬೈಗುಳ ಮೆಟ್ರೋದ ನಯವಾದ ದನಿಯಲ್ಲಿ ಬರುತ್ತಿತ್ತು. ನಾನು ಬಗ್ಗಿ ಯಂತ್ರದ ಮುಚ್ಚಳ ತೆಗೆಯುತ್ತಿದ್ದಾಗ ಬೆನ್ನ ಹಿಂದೆ ಅದು ಹೇಳಿತು: "ಮೇಸ್ತ್ರಿ. ಪ್ಯಾಂಟು ಮೇಲೆ ಎಳ್ಕೋ. ಎಲ್ಲಾ ಕಾಣ್ತಾ ಇದೆ."

ಲಿಯಾವ್ ಅಣ್ಣ ಬಿದ್ದು ಬಿದ್ದು ನಕ್ಕರು. ಮನೆಗೆಲಸಕ್ಕಿದ್ದ ಜಾವಾದ ಹೆಣ್ಣುಮಗಳು ವಾತಿ ಬಾಯಿಗೆ ಟವೆಲು ಅಡ್ಡ ಹಿಡಿದಳು. ನಾನು ಪ್ಯಾಂಟು ಎಳೆದುಕೊಂಡೆ. ಆ ಹೆಂಗಸಿನ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಆಗಲೇ.

ಕಂಪ್ಯೂಟರಿನ ತಲೆಯ ಮೇಲೆ ರೂಢಿಯಂತೆ, ತಾಯಿತದ ಹಾಗೆ, ಹಸಿರು ಕುರುಕಲಿನ ಪೊಟ್ಟಣ ಇತ್ತು. ನಮ್ಮಲ್ಲಿ ಅದಿಲ್ಲದೆ ಯಾವ ಯಂತ್ರವೂ ಹೇಳಿದ ಮಾತು ಕೇಳುವುದಿಲ್ಲ. ತಾರೀಖು ಮೀರಿದರೆ ಅದರ ಮಹಿಮೆ ಹೋಗುತ್ತದೆಂದು ಮೊದಲು ಅದನ್ನೇ ನೋಡಿದೆ, ಮೀರಿರಲಿಲ್ಲ. ಹಾಗಾದರೆ ತಪ್ಪು ಒಳಗೇ ಇದೆ ಎಂದು ಕೆಲಸ ಶುರುಮಾಡಿದೆ.

ಯಂತ್ರ ಬೀಳುವಾಗ ನೀಲಿ ಪರದೆಯ ಮೇಲೆ ಒಂದು ಕಾರಣ ಬರೆದು ಬೀಳುತ್ತಿತ್ತು. ಮೊದಲ ಸಲ ಮೆಮೊರಿಯ ಹೆಸರು ಹೇಳಿತು. ಮೆಮೊರಿ ಬದಲಿಸಿದೆ. ಐದನೆಯ ದಿನ ಮತ್ತೆ ಬಿತ್ತು. ಈ ಸಲ ಪರದೆಯ ಕಾರ್ಡಿನ ಮೇಲೆ ದೂರು. ಅದನ್ನೂ ಬದಲಿಸಿದೆ. ಆಮೇಲೆ ಡಿಸ್ಕಿನ ಮೇಲೆ ಹೇಳಿತು. ಎಲ್ಲರ ಮೇಲೂ ಚಾಡಿ ಹೇಳುವ ಅತ್ತೆಯ ಹಾಗೆ ದಿನಕ್ಕೊಬ್ಬರ ಹೆಸರು. ಕೊನೆಗೆ ಎರಡು ದಿನದ ಮಟ್ಟಿಗೆ ಅಂಗಡಿಗೆ ಹೊತ್ತು ತಂದೆ. ನಲವತ್ತೆಂಟು ಗಂಟೆ ಒಂದೇ ಸಮನೆ ಓಡಿಸಿದರೂ ಒಮ್ಮೆಯೂ ಮುಗ್ಗರಿಸಲಿಲ್ಲ. ವಾಪಸು ಕೊಟ್ಟ ಮಾರನೆಯ ದಿನವೇ ಫೋನು.

"ಮತ್ತೆ ಬಿತ್ತು ಕಣಯ್ಯ. ನನಗೆ ಬೈತಾ ಇದ್ಲು, ಅರ್ಧಕ್ಕೇ ನಿಂತ್ಹೋಯ್ತು. ಮಿಕ್ಕಿದ್ದನ್ನ ಕಣ್ಣಲ್ಲೇ ಬೈತಾ ಇದ್ದಾಳೆ."

"ಅಕ್ಷರದ ಹಲಗೆ ಮುಂದೆ ಹಿಡಿದು, ಕಣ್ಣು ಯಾವ ಅಕ್ಷರದ ಮೇಲೆ ನಿಲ್ಲುತ್ತೆ ನೋಡಿ ಅಣ್ಣಾ."

"ಅದು ನನ್ನ ಕೈಲಾಗಲ್ಲ. ಅವ್ಳು ಒಂದು ತೋರಿಸ್ತಾಳೆ, ನಾನೊಂದು ಓದ್ತೀನಿ. ನಿನ್ನೆ ದಿಂಬು ಕೇಳಿದ್ರೆ ಫ್ಯಾನ್ ಹಾಕ್ದೆ. ಅತ್ತೇಬಿಟ್ಲು."

ನಾನು ಮನೆಯ ಕರೆಂಟನ್ನು ಅನುಮಾನಿಸಿದೆ. ಹಳೆಯ ಮನೆ, ಹಳೆಯ ವೈರು. ಬ್ಯಾಟರಿ ಪೆಟ್ಟಿಗೆ ತಂದು ನಡುವೆ ಕೂರಿಸಿದೆ. ಮಂಚದ ಗಾಳಿಹಾಸಿಗೆಯ ಪಂಪನ್ನು ಬೇರೆ ಪ್ಲಗ್ಗಿಗೆ ಹಾಕಿದೆ. ಪವರ್ ಸಪ್ಲೈ ಬದಲಿಸಿದೆ. ವಿಂಡೋಸನ್ನು ಅಳಿಸಿ ಹೊಸದಾಗಿ ತುಂಬಿದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಕಂಪ್ಯೂಟರಿನಲ್ಲಿ ಹಳೆಯದೆಂದು ಉಳಿದದ್ದು ಮದರ್‌ಬೋರ್ಡ್ ಮತ್ತು ಹೊರಗಿನ ಡಬ್ಬ. ಆದರೂ ಬೀಳುತ್ತಿತ್ತು. ಈಗೀಗ ದಿನಾ.

ಅಷ್ಟರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಕಣ್ಣುಗಳೂ ಕೊನೆತನಕ ಬರುವುದಿಲ್ಲ, ನಿಧಾನವಾಗಿ ಅವೂ ಸೋಲುತ್ತವೆ ಎಂದು ಡಾಕ್ಟರು ಹೇಳಿದ್ದರಂತೆ. ವರ್ಷವೋ ಒಂದೂವರೆ ವರ್ಷವೋ. ಅಣ್ಣ ಇದನ್ನು ನನಗೆ ಹೇಳಿದ್ದು ಬಾಗಿಲಿನ ಹೊರಗೆ, ಚಪ್ಪಲಿಯ ಗೂಡಿನ ಹತ್ತಿರ, ಪಿಸುದನಿಯಲ್ಲಿ. ಕಾಯಿಲೆಯ ಸುದ್ದಿಯನ್ನು ಕಾಯಿಲೆಯವರ ಮುಂದೆ ಆಡಬಾರದು ಎಂಬುದು ನಮ್ಮವರ ರೂಢಿ. ಡಾಕ್ಟರು ಮನೆಯವರಿಗೆ ಹೇಳುತ್ತಾರೆ, ಮನೆಯವರು ತೀರ್ಮಾನಿಸುತ್ತಾರೆ, ಮಲಗಿದವರಿಗೆ ಹಣ್ಣು ಕತ್ತರಿಸಿ ಕೊಡುತ್ತಾರೆ. ನನ್ನ ಅಪ್ಪನಿಗೂ ನಾವು ಹಾಗೆಯೇ ಮಾಡಿದ್ದೆವು.

"ಇರೋಷ್ಟು ದಿನ ಅವ್ಳು ಮಾತಾಡ್ಬೇಕು ಮೇಸ್ತ್ರಿ. ನಲವತ್ತು ವರ್ಷ ಆ ಗಲಾಟೇಲೇ ಬದುಕಿದೋನು ನಾನು. ಈ ಮನೆ ಸುಮ್ಮನಿದ್ರೆ ನನಗೆ ಉಸಿರು ಕಟ್ಟುತ್ತೆ" ಎಂದರು.

ನಾನು ಭರವಸೆ ಕೊಟ್ಟೆ. ಕೊಡಬಾರದಿತ್ತು. ಕೈಯಲ್ಲಿ ಸುಳಿವೇ ಇಲ್ಲದವನು ಕೊಟ್ಟ ಭರವಸೆ ಅದು.

ಹೋಗುವ ಮುನ್ನ ವಾತಿಯ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಯಂತ್ರ ಬಿದ್ದಾಗಲೆಲ್ಲ ಗಂಟೆ ಬರೆದಿಡು, ಆಗ ಮನೆಯಲ್ಲಿ ಏನು ನಡೆದಿತ್ತು ಅದನ್ನೂ ಬರಿ ಎಂದೆ. ಇದನ್ನು ಮೊದಲ ವಾರವೇ ಮಾಡಬೇಕಿತ್ತು. ಆದರೆ ನನಗೆ ಯಂತ್ರವನ್ನು ಕೇಳಿ ಅಭ್ಯಾಸ, ಮನುಷ್ಯರನ್ನಲ್ಲ. ಹತ್ತು ದಿನ ಬಿಟ್ಟು ಹೋದಾಗ ವಾತಿ ಪುಟ ತೆರೆದು ತೋರಿಸಿದಳು. ನಾಲ್ಕೂ ಇಪ್ಪತ್ತು. ನಾಲ್ಕೂ ಹತ್ತು. ನಾಲ್ಕು ಗಂಟೆ. ನಾಲ್ಕೂ ಐದು. ಪ್ರತಿ ಗಂಟೆಯ ಎದುರಿಗೂ ಅವಳ ದುಂಡು ಅಕ್ಷರದಲ್ಲಿ ಒಂದೇ ಮಾತು: 'ಅಮ್ಮನ ಸ್ನಾನ ಮುಗಿಯಿತು.'

ಬೇಟೋದಲ್ಲಿ ನೆಲದಿಂದಲೇ ಬಿಸಿನೀರು ಬರುತ್ತದೆ. ಹಾಲಿನಂಥ ಬಿಳಿ ನೀರು, ಗಂಧಕದ್ದು. ಹಳೆಯ ಮನೆಗಳಿಗೆ ಅದರದೇ ಪೈಪು ಇರುತ್ತದೆ. ಲಿಯಾವ್ ಅಣ್ಣನ ಮನೆಯ ಬಚ್ಚಲು ಅತ್ತಿಗೆಯ ಕೋಣೆಗೇ ಅಂಟಿಕೊಂಡಿತ್ತು, ಒಳಗೆ ಕಲ್ಲಿನ ತೊಟ್ಟಿ. ದಿನಾ ಮಧ್ಯಾಹ್ನ ಮೂರಕ್ಕೆ ಅಣ್ಣ, ವಾತಿ ಇಬ್ಬರೂ ಸೇರಿ ಅತ್ತಿಗೆಯನ್ನು ಎತ್ತಿ ಎದೆಮಟ್ಟ ಆ ನೀರಿನಲ್ಲಿ ಕೂರಿಸುತ್ತಿದ್ದರು. ಎತ್ತಿ ಇಳಿಸಲು ಸಲೀಸಾಗಲೆಂದು ಬಚ್ಚಲಿನ ಬಾಗಿಲನ್ನೇ ತೆಗೆದುಹಾಕಿದ್ದರು. ಹಬೆಯೆಲ್ಲ ಕೋಣೆಗೆ ಬರುತ್ತಿತ್ತು.

ವಾತಿ ತನ್ನ ಬೆರಳು ಮುಂದೆ ಚಾಚಿದಳು. "ನೋಡಣ್ಣಾ, ನಮ್ಮಮ್ಮ ಕೊಟ್ಟಿದ್ದು ಈ ಉಂಗುರ. ಬೆಳ್ಳಿ. ಇಲ್ಲಿಗೆ ಬಂದಾಗ ಬೆಳ್ಳಗೇ ಇತ್ತು. ಈಗ ಕಬ್ಬಿಣ ಅಂತಾರೆ ಎಲ್ರೂ."

ನಾಲ್ಕು ತಿಂಗಳಿಂದ ಆ ಮನೆಗೆ ಹೋದಾಗಲೆಲ್ಲ ಕೊಳೆತ ಮೊಟ್ಟೆಯ ವಾಸನೆ ನನ್ನ ಮೂಗಿಗೆ ಹೊಡೆದಿತ್ತು. ಮೂಗಿಗೆ ಬಂದದ್ದು ತಲೆಗೆ ಬಂದಿರಲಿಲ್ಲ. ಬೆಳ್ಳಿಯನ್ನು ಕಪ್ಪಾಗಿಸುವ ಗಂಧಕದ ಹಬೆ ಯಂತ್ರದೊಳಗಿನ ತಾಮ್ರವನ್ನೂ ತಿನ್ನುತ್ತದೆ. ಮದರ್‌ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಚಿನ್ನದ ಬಣ್ಣ ಇರಬೇಕಾದ ಜಾಗಗಳಲ್ಲಿ ಕಪ್ಪು ಹಿಡಿದಿತ್ತು. ಕೂದಲಿಗಿಂತ ಸಣ್ಣ ಕಪ್ಪು ಎಳೆಗಳು ಚಿಪ್ಪುಗಳ ಒಂದು ಲೋಹದ ಕಾಲಿನಿಂದ ಇನ್ನೊಂದಕ್ಕೆ ಹಬ್ಬಿದ್ದವು. ಹಬೆಯ ತೇವ ಕೂತಾಗ ಆ ಎಳೆಗಳಲ್ಲಿ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಯಂತ್ರ ಬೀಳುತ್ತದೆ. ನನ್ನ ಒಣ ಅಂಗಡಿಗೆ ಬಂದರೆ ಸುಮ್ಮನಿರುತ್ತದೆ. ನಾನು ಹಾಕಿದ ಹೊಸ ಮೆಮೊರಿಯ ಹಲ್ಲುಗಳೂ ಆಗಲೇ ಕಂದುಬಣ್ಣಕ್ಕೆ ತಿರುಗಿದ್ದವು.

ಕಾರಣ ಸಿಕ್ಕಿದರೆ ರಿಪೇರಿಯವನಿಗೆ ಹಬ್ಬ. ನಾನು ಮಾತ್ರ ಭೂತಗನ್ನಡಿಯನ್ನು ಜೇಬಿಗಿಳಿಸಿ ಎದ್ದೆ.

ಲಿಯಾವ್ ಅಣ್ಣನನ್ನು ಹೊರಗೆ ಕರೆದೆ. ಅದೇ ಚಪ್ಪಲಿಯ ಗೂಡಿನ ಹತ್ತಿರ, ಅದೇ ಪಿಸುದನಿಯಲ್ಲಿ, ಡಾಕ್ಟರ ಹಾಗೆಯೇ ಹೇಳಿದೆ.

"ನೀರೇ ಕೊಲ್ತಾ ಇದೆ ಅಣ್ಣಾ. ಹೊಸ ಬೋರ್ಡ್ ಹಾಕಿದ್ರೂ ಹೀಗೇ. ಬಚ್ಚಲಿಗೆ ಬಾಗಿಲು ಹಾಕಿದ್ರೂ ಆ ಗಾಳಿ ಮನೆಯೆಲ್ಲಾ ಹರಡುತ್ತೆ. ಸ್ನಾನ ನಡೆದ್ರೆ ಎರಡು ಮೂರು ತಿಂಗಳು. ನಿಲ್ಲಿಸಿದ್ರೆ ವರ್ಷ, ಎರಡು ವರ್ಷ ಬರಬಹುದು."

"ಪ್ಲಾಸ್ಟಿಕ್ ಹೊದಿಸಿದ್ರೆ?"

"ಬೆಂದು ಹೋಗುತ್ತೆ. ಅದಕ್ಕೆ ಗಾಳಿ ಬೇಕು, ಇಲ್ಲಿರೋ ಗಾಳೀನೇ ವಿಷ."

"ಆ ಕಡೆ ರೂಮಿಗೆ?"

"ಕ್ಯಾಮೆರಾ ಅತ್ತಿಗೆ ಮುಂದೇನೇ ಇರ್ಬೇಕಲ್ಲ. ಅದಕ್ಕೂ ಕಿಲುಬು ಹಿಡಿಯುತ್ತೆ ಅಣ್ಣಾ. ಮನೆ ಬದಲಿಸಿದ್ರೆ..."

"ಅವ್ಳು ಹುಟ್ಟಿದ್ದೇ ಇದೇ ಓಣೀಲಿ" ಎಂದರು ಅಣ್ಣ. ಒಂದು ಕ್ಷಣವೂ ಯೋಚಿಸಲಿಲ್ಲ. "ಸರಿ. ಸ್ನಾನ ನಿಲ್ಲಿಸೋಣ. ಮಾಮೂಲಿ ನೀರಲ್ಲಿ ಮೈ ಒರೆಸಿದ್ರಾಯ್ತು. ಮಾತಿಗಿಂತ ನೀರು ದೊಡ್ಡದಾ?"

ಅತ್ತಿಗೆಯನ್ನು ಒಂದು ಮಾತು ಕೇಳೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ಅವರಿಗೆ ಹೋದದ್ದು ಕೈಕಾಲು, ಕಿವಿಯಲ್ಲ. ಬುದ್ಧಿಯಂತೂ ನನಗಿಂತ ಚುರುಕು. ಆದರೂ ಇಬ್ಬರು ಗಂಡಸರು ಚಪ್ಪಲಿಗಳ ನಡುವೆ ನಿಂತು ಅವರ ಪಾಲಿನ ತೀರ್ಮಾನ ಮಾಡಿ ಮುಗಿಸಿದೆವು. ಆ ದಿನದ ಬಗ್ಗೆ ನನಗೆ ಈಗಲೂ ನಾಚಿಕೆ ಆಗುತ್ತದೆ.

ಅಣ್ಣ ಬಿಸಿನೀರಿನ ವಾಲ್ವ್ ತಿರುಗಿಸಿ ಮುಚ್ಚಿದರು. ಬಚ್ಚಲಿಗೆ ಮತ್ತೆ ಬಾಗಿಲು ಬಂತು. ನಾನು ಹೊಸ ಮದರ್‌ಬೋರ್ಡ್, ಹೊಸ ಮೆಮೊರಿ ಹಾಕಿದೆ. ಯಂತ್ರ ನಿಲ್ಲಲಿಲ್ಲ. ಒಂದು ದಿನ, ಮೂರು ದಿನ, ಒಂದು ವಾರ. ಅಣ್ಣ ದಿನಾ ಸಂಜೆ ಫೋನ್ ಮಾಡಿ "ಇವತ್ತೂ ಬೀಳ್ಲಿಲ್ಲ" ಎನ್ನುತ್ತಿದ್ದರು, ಮಗ ಪರೀಕ್ಷೆ ಪಾಸಾದವರ ಸಡಗರದಲ್ಲಿ.

ಎರಡನೆಯ ವಾರ ತಪಾಸಣೆಗೆ ಹೋದೆ. ಒಳಗೆ ಕಾಲಿಡುವಷ್ಟರಲ್ಲಿ ಮೆಟ್ರೋ ದನಿ ಕೇಳಿತು.

"ಸ್ನಾನ."

"ನೋಡು, ಬೆಳಗ್ಗೆಯಿಂದ ಇದೇ ಹಟ" ಎಂದರು ಅಣ್ಣ ನನಗೆ. ಅತ್ತಿಗೆಯ ಕಡೆ ತಿರುಗಿ, "ವಾತಿ ಈಗಷ್ಟೇ ಒರೆಸಿದ್ಲಲ್ಲೇ" ಎಂದರು.

ಅತ್ತಿಗೆಯ ಕಣ್ಣುಗಳು ಪರದೆಯ ಮೇಲೆ ಓಡಿದವು. "ನನ್ನನ್ನೇನು ಅಂಗಡಿ ಮೇಜು ಅಂದ್ಕೊಂಡ್ಯಾ. ಒರೆಸೋಕೆ."

"ತೊಟ್ಟೀಗೆ ಮಾಮೂಲಿ ಬಿಸಿನೀರು ಬಿಡ್ಲಾ?"

"ಮೊನ್ನೆ ಬಿಟ್ಟೆ. ಅದು ಅದಲ್ಲ. ಚರ್ಮ ಉರಿಯುತ್ತೆ."

"ಬೇರೆ ಏನ್ ಬೇಕಾದ್ರೂ ಕೇಳೇ ಮಾರಾಯ್ತಿ. ಅದೊಂದು ಬಿಟ್ಟು."

ಬಹಳ ಹೊತ್ತು ಅತ್ತಿಗೆ ಬರೆಯುತ್ತಿದ್ದರು. ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಮೂಡುತ್ತಿದ್ದದ್ದನ್ನು ನಾವು ಮೂವರೂ ಓದುತ್ತಾ ನಿಂತೆವು. ಆಮೇಲೆ ದನಿ ಅದನ್ನು ನಿಲ್ದಾಣದ ಹೆಸರು ಹೇಳುವಷ್ಟೇ ತಣ್ಣಗೆ ಓದಿತು.

"ಇಪ್ಪತ್ತಮೂರು ಗಂಟೆ ಈ ಮೈ ಹೆಣದಷ್ಟು ಭಾರ. ಆ ನೀರಲ್ಲಿ ಒಂದು ಗಂಟೆ ಭಾರ ಇರಲ್ಲ. ಅಲ್ಲಿ ನೋವಿರಲ್ಲ. ನಾನು ಕೈ ಬೀಸ್ತಾ ಇದ್ದೀನಿ ಅನ್ಸುತ್ತೆ."

ವಾತಿ ಅಳುತ್ತಿದ್ದಳು. ಅಣ್ಣ ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು. ನಾನು ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದೆ, ಯಾಕೆಂದು ತಿಳಿಯದೆ ಮತ್ತೆ ಒಳಗಿಟ್ಟೆ.

"ಆದ್ರೆ ಇದು ಕೆಟ್ಟೋಗುತ್ತಲ್ಲೇ" ಎಂದರು ಅಣ್ಣ. "ಕೆಟ್ರೆ ನಿನ್ನ ಮಾತು ನಿಲ್ಲುತ್ತೆ. ನೀನು ಬೈದೇ ಇದ್ರೆ ನಾನು ಹೆಂಗಿರ್ಲಿ?"

ಅತ್ತಿಗೆ ಮತ್ತೆ ಬರೆದರು. ಈ ಸಲ ಚಿಕ್ಕದು.

"ಮಾತು ಬೇಕಿರೋದು ನಿನಗೆ. ನನಗೆ ನೀರು ಬೇಕು."

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಸುಸ್ತಾಗಿರಬೇಕು ಎಂದರು ಅಣ್ಣ. ನಾನೂ ಹೌದೆಂದು ತಲೆಯಾಡಿಸಿ ಸ್ಕೂಟರ್ ಹತ್ತಿದೆ.

ಆಮೇಲೆ ಒಂದು ವಾರ ಸಂಜೆಯ ಫೋನ್ ಬರಲಿಲ್ಲ. ಎಂಟನೆಯ ದಿನ ಬೆಳಗ್ಗೆ ಬಂತು.

"ಕೆಟ್ಟಿದೆ ಮೇಸ್ತ್ರಿ. ಬೇಗ ಬಾ."

"ಏನಂತ ತೋರಿಸ್ತಿದೆ? ನೀಲಿ ಪರದೆನಾ?"

"ಇಲ್ಲ. ಪರದೆ ಇದೆ. ದನಿ ಇಲ್ಲ. ಒಂದು ವಾರದಿಂದ ಒಂದು ಮಾತಿಲ್ಲ."

ಹೋದೆ. ಯಂತ್ರ ಓಡುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಪರದೆಯ ಮುಂದೆ ನಾನೇ ಕೂತು ಕಣ್ಣಿನಿಂದ ನಾಲ್ಕು ಅಕ್ಷರ ಬರೆದೆ. ನನ್ನ ಹೆಸರನ್ನು ಸ್ಪಷ್ಟವಾಗಿ ಓದಿತು. ಯಂತ್ರ ಬಿದ್ದ ದಿನಗಳ ದಾಖಲೆ ತೆಗೆದು ನೋಡಿದೆ. ಇಪ್ಪತ್ತಮೂರು ದಿನಗಳಿಂದ ಒಮ್ಮೆಯೂ ಬಿದ್ದಿಲ್ಲ. ನನ್ನ ಇಡೀ ಕಸುಬಿನಲ್ಲಿ ಅಷ್ಟು ಆರೋಗ್ಯವಂತ ಕಂಪ್ಯೂಟರನ್ನು ನಾನು ನೋಡಿರಲಿಲ್ಲ.

ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದೆ. ಅವರು ನನ್ನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿದರು. ನಿದ್ದೆಯಲ್ಲ, ರೆಪ್ಪೆ ಬಿಗಿದಿತ್ತು. ಅವರ ಮೈಯಲ್ಲಿ ಅವರ ಮಾತು ಕೇಳುವ ಅಂಗ ಅದೊಂದೇ ಉಳಿದಿತ್ತು, ಅದರಿಂದಲೇ ಬಾಗಿಲು ಹಾಕಿಕೊಂಡಿದ್ದರು.

"ಯಂತ್ರ ಸರಿಯಾಗಿದೆ ಅಣ್ಣಾ" ಎಂದೆ. ಈ ಸಲ ಚಪ್ಪಲಿಯ ಗೂಡಿನ ಹತ್ತಿರ ಹೋಗಲಿಲ್ಲ. ಅಲ್ಲೇ, ಅತ್ತಿಗೆಯ ಮುಂದೆಯೇ ಹೇಳಿದೆ.

"ಸರಿಯಾಗಿದ್ರೆ ಮಾತ್ಯಾಕಿಲ್ಲ?"

ಉತ್ತರ ಅವರ ಮುಖದಲ್ಲೇ ಬರೆದಿತ್ತು.

"ಮೆಮೊರಿ ಪರೀಕ್ಷೆ ಮಾಡು" ಎಂದರು. "ಅವತ್ತು ಮಾಡಿದ್ಯಲ್ಲ, ಆ ಉದ್ದದ್ದು."

"ನಾಲ್ಕು ಗಂಟೆ ಹಿಡಿಯುತ್ತೆ ಅಣ್ಣಾ. ಏನೂ ಸಿಗಲ್ಲ."

"ಮಾಡೋ ಅಂದ್ನಲ್ಲ!"

ಅವರು ನನ್ನ ಮೇಲೆ ಗದರಿದ್ದು ಅದೇ ಮೊದಲು. ಬಯ್ಯುವ ಕೆಲಸ ಆ ಮನೆಯಲ್ಲಿ ಅವರದಾಗಿರಲಿಲ್ಲ. ನಾನು ಪರೀಕ್ಷೆಗೆ ಹಾಕಿದೆ. ಆಗ ಹನ್ನೊಂದು ಗಂಟೆ. ಪರದೆಯ ಮೇಲೆ ಶೇಕಡಾ ಒಂದು, ಎರಡು ಎಂದು ಅಂಕಿ ಏರತೊಡಗಿತು. ಅದರ ಪಕ್ಕದಲ್ಲಿ 'ದೋಷ: ೦' ಎಂದಿತ್ತು. ಅಣ್ಣ ಮಂಚದ ತುದಿಯಲ್ಲಿ, ನಾನು ಸ್ಟೂಲಿನ ಮೇಲೆ ಕೂತೆವು. ವಾತಿ ಅತ್ತಿಗೆಯ ನಳಿಗೆಗೆ ಊಟ ಬಿಟ್ಟಳು, ನಮಗೆ ನೂಡಲ್ ತಂದಿಟ್ಟಳು. ಅದು ಬಟ್ಟಲಲ್ಲೇ ಉಬ್ಬಿ ಆರಿತು. ಅಣ್ಣ ಆ ಸೊನ್ನೆಯನ್ನೇ ನೋಡುತ್ತಿದ್ದರು. ಅದು ಒಂದಾಗಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ಸತ್ಯ ಹೇಳುತ್ತೇನೆ, ನಾನೂ ಬೇಡುತ್ತಿದ್ದೆ. ಒಂದೇ ಒಂದು ದೋಷ ಸಿಕ್ಕಿದ್ದರೆ ಅದನ್ನು ಕಿತ್ತು ಹೊಸದು ಹಾಕಿ, ನಮ್ಮ ತಪ್ಪನ್ನು ಅದರ ತಲೆಗೆ ಕಟ್ಟಿ ಮನೆಗೆ ಹೋಗಬಹುದಿತ್ತು.

ಮೂರು ಗಂಟೆಗೆ ಪರೀಕ್ಷೆ ಮುಗಿಯಿತು. ದೋಷ ಸೊನ್ನೆ.

ಲಿಯಾವ್ ಅಣ್ಣ ಎದ್ದರು. ಅತ್ತಿಗೆಯ ಹಣೆಯ ಮೇಲಿನ ಕೂದಲು ಸರಿಸಿದರು. ಆಮೇಲೆ ಬಚ್ಚಲಿಗೆ ಹೋದರು. ಒಳಗಿನಿಂದ ಕಬ್ಬಿಣ ಕಿರುಗುಟ್ಟುವ ಸದ್ದು, ಉಸಿರು ಬಿಗಿಹಿಡಿದು ತಿರುಗಿಸುವ ಸದ್ದು. ಇಷ್ಟು ದಿನ ಮುಚ್ಚಿದ್ದ ವಾಲ್ವ್ ಗಂಧಕದ ಕಿಲುಬು ಹಿಡಿದು ಕಚ್ಚಿಕೊಂಡಿತ್ತು.

"ಮೇಸ್ತ್ರಿ" ಎಂದು ಕರೆದರು. "ನಿನ್ನತ್ರ ದೊಡ್ಡ ಇಕ್ಕಳ ಇದ್ಯೇನೋ? ನನ್ನ ಕೈಲಿ ಬರ್ತಾ ಇಲ್ಲ."

ಅತ್ತಿಗೆ ಕಣ್ಣು ತೆರೆದಿದ್ದರು. ನಾನು ಸ್ಕೂಟರಿನ ಡಿಕ್ಕಿಯಿಂದ ಇಕ್ಕಳ ತಂದು, ಅಣ್ಣನ ಪಕ್ಕ ಮೊಣಕಾಲೂರಿ, ಇಬ್ಬರೂ ಸೇರಿ ವಾಲ್ವ್ ತಿರುಗಿಸಿದೆವು.